ಅತ್ತೆ, ನಾನು ಮತ್ತು ಆರದ ಮೈಕು

ಏಲಕ್ಕಿ ತೋಟದಲ್ಲಿ ಬೆಳೆದವಳು ನಾನು, ಹಾವು ಕಂಡರೂ ಹೆದರಿದವಳಲ್ಲ. ಆದರೆ ಕಂಪ್ಯೂಟರ್ ಕ್ಲಾಸಿಗೆ ಸೇರಿದ ಮೇಲೆ ಎದೆ ಧಸಕ್ಕೆನ್ನದ ವಾರವೇ ಇಲ್ಲ. ತಮಿಳು ಸೀಮೆಯ ಬೋಡಿಯಲ್ಲಿ ನಮ್ಮ ಯಜಮಾನರದು ಏಲಕ್ಕಿ ಅಂಗಡಿ. ಈಗ ವ್ಯಾಪಾರದ ಮಾತುಕತೆಯೆಲ್ಲ ಫೋನಿನಲ್ಲೇ. "ನೀನೂ ಕಲಿ, ನನಗೆ ಆಸರೆ ಆಗ್ತದೆ" ಅಂದರು. ಐವತ್ತು ಹತ್ತಿರ ಬಂದಿದ್ದರೂ ಕಾಲೇಜು ಹುಡುಗಿಯರ ಮಧ್ಯೆ ಹೋಗಿ ಕೂತೆ. ಆಸರೆ ಏನಾಯಿತೋ ಗೊತ್ತಿಲ್ಲ, ಮನೆಮಂದಿಗೆಲ್ಲ ಗಾಬರಿಯಂತೂ ಆಯಿತು.

ಅಣ್ಣ ಹೋದದ್ದು

"ಫೋಟೋಗಳನ್ನು ಕ್ಲೌಡಿಗೆ ಹಾಕಿ. ಫೋನು ಕಳೆದರೂ ಫೋಟೋ ಉಳೀತದೆ" ಅಂದರು ನಮ್ಮ ಸಾರ್. ಹಾಕಿದೆ. ಅಲ್ಲಿ ಭದ್ರವಾಗಿದೆಯಲ್ಲ ಅಂತ ನನ್ನ ಫೋನಿನಲ್ಲಿದ್ದುದನ್ನು ಒಂದೊಂದಾಗಿ ಅಳಿಸುತ್ತ ಕೂತೆ. ಯಜಮಾನರದೂ ನನ್ನದೂ ಒಂದೇ ಖಾತೆ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ ಅನ್ನೋದು ನನಗೇನು ಗೊತ್ತು?

ಅಂಗಡಿಯಲ್ಲಿ ಅವರು ಯಾರೋ ಗಿರಾಕಿಗೆ ಮಗಳ ಮದುವೆ ಫೋಟೋ ತೋರಿಸುತ್ತಿದ್ದರಂತೆ. ಅಲ್ಲಿಂದಲೇ ನನಗೆ ಫೋನು ಮಾಡಿದರು.

"ಏಯ್, ನಿಮ್ಮಣ್ಣ ಹೋಗ್ಬಿಟ್ರು!"

"ಅಯ್ಯೋ! ಯಾವಾಗ?"

"ಈಗ್ತಾನೆ! ನನ್ ಕಣ್ಣೆದುರಿಗೇ! ನಗ್ತಾ ನಿಂತಿದ್ರು, ಹಂಗೇ ಹೋಗ್ಬಿಟ್ರು!"

ಫೋನು ಕೈಯಿಂದ ಜಾರಿತು. ನಾನು ಗೊಳೋ ಎಂದು ಅತ್ತೆ. ನಾನು ಅಳುವುದು ಕಂಡು, ಯಾರು ಏನು ಅಂತ ಕೇಳದೆ, ನಮ್ಮತ್ತೆ ಎದೆ ಬಡಿದುಕೊಂಡು ರಾಗ ಎತ್ತಿದರು. ಪಕ್ಕದ ಮನೆಯವರು ಓಡಿಬಂದರು. ಹೇಗೋ ಸುಧಾರಿಸಿಕೊಂಡು, ಅತ್ತಿಗೆಗೆ ಸಮಾಧಾನ ಹೇಳೋಣ ಅಂತ ಬತ್ತಲಗುಂಡಿನಲ್ಲಿರುವ ಅಣ್ಣನ ಮನೆಗೆ ಫೋನು ಮಾಡಿದೆ. ಎತ್ತಿದವನು ಅಣ್ಣನೇ!

"ಯಾಕಮ್ಮಾ ಅಳ್ತಿದ್ದೀ? ಯಾರು ಹೋದ್ರು?"

"ನೀನೇ ಅಣ್ಣಾ..." ಅಂದೆ.

ಹೋದದ್ದು ಫೋಟೋದೊಳಗಿನ ಅಣ್ಣ ಅಂತ ಆಮೇಲೆ ತಿಳಿಯಿತು. ಸಾರ್‌ಗೆ ಕೇಳಿದಾಗ, "ಹೆದರಬೇಡಿ, ಅಳಿಸಿದ್ದೆಲ್ಲ ಕಸದಬುಟ್ಟಿಯಲ್ಲಿ ಇರ್ತದೆ" ಅಂದರು. ಹುಡುಕಿ ಎಲ್ಲರನ್ನೂ ವಾಪಸ್ ತಂದೆ. ಖುಷಿಯಲ್ಲಿ ಅಣ್ಣನಿಗೆ ಹೇಳಿದೆ: "ನೀನು ಸಿಕ್ಕಿಬಿಟ್ಟೆ ಅಣ್ಣಾ, ಕಸದಬುಟ್ಟಿಯಲ್ಲೇ ಇದ್ದೆ!"

"ಅದಕ್ಕಿಂತ ಮೊದಲು ‘ಹೋದೆ’ ಅಂದಿದ್ದೇ ವಾಸಿಯಾಗಿತ್ತಮ್ಮಾ" ಅಂದ ಅಣ್ಣ.

ದೊಡ್ಡಮಾವನ ಮಾತು

ಒಂದು ಆನ್‌ಲೈನ್ ಮೀಟಿಂಗ್ ನೀವೇ ನಡೆಸಬೇಕು ಅಂತ ಕ್ಲಾಸಿನಲ್ಲಿ ಹೋಂವರ್ಕ್ ಕೊಟ್ಟರು. ಮನೆಯಲ್ಲೂ ಆಗ ಒಂದು ತಕರಾರು ನಡೆದಿತ್ತು. ದಿಂಡಿಗಲ್‌ನಲ್ಲಿರುವ ನಾದಿನಿಯ ಸೊಸೆಗೆ ಮಗುವಿನ ಕಿವಿ ಚುಚ್ಚುವ ಶಾಸ್ತ್ರ ತನ್ನ ಊರಲ್ಲೇ ಆಗಬೇಕು ಅಂತ ಆಸೆ. ಕಂಬಂನಲ್ಲಿರುವ ನಮ್ಮ ಮಾವನವರ ಅಣ್ಣ, ದೊಡ್ಡಮಾವನಿಗೆ ಅದು ಕಂಬಂನಲ್ಲೇ ಆಗಬೇಕು. ಸರಿ, ಎಲ್ಲರನ್ನೂ ಫೋನಿಗೆ ಕರೆದೆ.

ದೊಡ್ಡಮಾವ ಬಾಯಿ ತೆರೆದರೆ ಮುಚ್ಚುವ ಜನ ಅಲ್ಲ. ತಾವು ಮಾತಾಡುವಾಗ ಬೇರೆಯವರ ಮಾತು ಅವರ ಕಿವಿಗೇ ಬೀಳುವುದಿಲ್ಲ. "ಮಾವ ಹೇಳೋದು ಸಣ್ಣಗೆ ಕೇಳ್ತದೆ" ಅಂತ ಯಾರೋ ಅಂದರು. ಜೋರು ಮಾಡೋಣ ಅಂತ ಅವರ ಹೆಸರಿನ ಪಕ್ಕದ ಗುರುತು ಒತ್ತಿದೆ. ಮಾವನ ದನಿ ನಿಂತೇಹೋಯಿತು!

ಮೀಸೆ ಕುಣಿಯುತ್ತಿದೆ, ಕೈ ಆಡುತ್ತಿದೆ, ಶಬ್ದವಿಲ್ಲ. ಮನೆಯ ಸೊಸೆ ಹಿರಿಯರ ಬಾಯಿ ಮುಚ್ಚಿಸುವುದೆಂದರೇನು! ಮತ್ತೆ ಮತ್ತೆ ಒತ್ತಿದೆ. ಮುಚ್ಚಿಸುವ ಅಧಿಕಾರ ಮಾತ್ರ ನನ್ನದು, ತೆರೆಯಬೇಕಾದವರು ಅವರೇ ಅಂತ ಆಮೇಲೆ ತಿಳಿಯಿತು. ಮಾವನ ದನಿ ಇಲ್ಲದ ಆ ಸಂದಿನಲ್ಲಿ ದಿಂಡಿಗಲ್ ಹುಡುಗಿ ಒಂದೇ ಉಸಿರಿಗೆ, "ನಮ್ಮನೇಲೇ ಮಾಡೋಣ, ಎಲ್ಲಾರೂ ಬನ್ನಿ" ಅಂದಳು. ಎಲ್ಲರೂ ತಲೆಯಾಡಿಸಿದರು.

ಅಷ್ಟೂ ತಲೆ ಒಟ್ಟಿಗೆ ಆಡಿದ್ದು ಕಂಡು ಮಾವ ಗೆಲುವಾದರು. ಮರುದಿನ ಫೋನು ಮಾಡಿ ಅಂದರು: "ನಿನ್ ಕಂಪ್ಯೂಟರ್ ಬೋ ಚೆನ್ನಾಗೈತೆ ಕಣಮ್ಮಾ. ಇಷ್ಟು ವರ್ಷದಾಗೆ ನಿನ್ನೆ ಮೊದಲ್ನೇ ಸಲ ಒಬ್ರೂ ನಂಗೆ ಎದುರು ಮಾತಾಡ್ಲಿಲ್ಲ!"

ಸಾರ್ ಮೂಗು

ಬೇರೆಯವರ ಬಾಯಿ ಮುಚ್ಚಿಸುವುದು ಕಲಿತೆ. ನನ್ನದನ್ನು ಮುಚ್ಚುವುದು ಮರೆತೆ.

ನಮ್ಮ ಕಡೆ ಬೀದಿಗೆ ಇಳಿದರೆ ತಮಿಳು, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಬಸ್ಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ ಗುಟ್ಟು ಮಾತಾಡಬೇಕಾದರೆ ಕನ್ನಡವೇ ನಮಗೆ ಪರದೆ. ಆ ವಾರ ಸಾರ್ ಊರಲ್ಲಿರಲಿಲ್ಲ, ಪಾಠ ಫೋನಿನಲ್ಲೇ ನಡೆಯಿತು. ಎಂದಿನಂತೆ ತಮಿಳಿನಲ್ಲಿ ಹೇಳುತ್ತಿದ್ದರು. ಪಕ್ಕದಲ್ಲಿ ನುಗ್ಗೆಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆ ಇಣುಕಿ ನೋಡಿದರು.

"ಇವನಾ ನಿನ್ ವಾತ್ಯಾರು, ಪಾಠ ಹೇಳೋನು? ಅದ್ಯಾಕೆ ಮೂಗು ಹಂಗೈತೆ, ನುಗ್ಗೇಕಾಯಿ ಇಳಿಬಿಟ್ಟಂಗೆ?"

"ಮೆಲ್ಲಗೆ ಅತ್ತೆ!" ಅಂದೆ. ಅಲ್ಲಿಗೇ ಸುಮ್ಮನಿರಬಾರದಿತ್ತೇ? "ಮುಖ ತಿರುಗಿಸಿದ್ರೆ ಮೊದಲು ಮೂಗು ಬರ್ತದೆ, ಆಮೇಲೆ ಸಾರ್ ಬರ್ತಾರೆ" ಅಂತ ನಾನೂ ಒಂದು ಸೇರಿಸಿದೆ.

"ಇದಕ್ಕೆ ಹೆಣ್ಣು ಯಾರು ಕೊಡ್ತಾರೋ ಪಾಪ!" ಅಂದರು ಅತ್ತೆ.

ಪಾಠ ನಿಂತಿತು. ನನ್ನ ಮೈಕು ಆರಿರಲಿಲ್ಲ! ಹುಡುಗಿಯರು ಏನೂ ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟರು. ಸಾರ್ ಗಂಟಲು ಸರಿಮಾಡಿಕೊಂಡು, ಅಚ್ಚ ನಮ್ಮ ಮನೆಮಾತಿನಲ್ಲೇ ಅಂದರು:

"ಅಜ್ಜೀ, ಮೂಗು ನಮ್ಮಜ್ಜಂದು. ಉತ್ತಮಪಾಳಯಂನಾಗೆ ಬಾಳೆ ಮಂಡಿ ಇತ್ತು ಅವರ್ದು."

ಇಷ್ಟು ದಿನ ಈ ಮನುಷ್ಯ ಒಂದು ಕನ್ನಡ ಮಾತು ಆಡಿದ್ದರೆ ಕೇಳಿ! ಫೋನನ್ನು ಮುಚ್ಚಿಡಬೇಕೋ, ನಾನೇ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅತ್ತೆ ಮಾತ್ರ ಸೊಪ್ಪು ಕೆಳಗಿಟ್ಟು ಫೋನು ಕಿತ್ತುಕೊಂಡರು.

"ಬಾಳೆ ಮಂಡಿಯವರಾ? ಕಾಲುವೆ ಪಕ್ಕದ ಮನೆ? ಅಡಡಾ! ಆತ ನಂಗೆ ಅಣ್ಣ ಆಗ್ಬೇಕಪ್ಪಾ, ಸ್ವಂತ ದೊಡ್ಡಪ್ಪನ ಮಗ!"

"ಹಂಗಾದ್ರೆ ಈ ಮೂಗು ನಿಮ್ಮ ತವರುಮನೇದೇ ಅಜ್ಜೀ" ಅಂದರು ಸಾರ್.

ಅತ್ತೆ ನನ್ನ ಕಡೆ ತಿರುಗಿದ ರಭಸಕ್ಕೆ ಕಿವಿಯ ಓಲೆ ಅಲ್ಲಾಡಿತು.

"ಕೇಳಿಸ್ಕಂಡ್ಯಾ? ಚಿನ್ನದಂಥ ಮೂಗು. ನನ್ ಮೊಮ್ಮಗನ್ನ ಹಂಗೆಲ್ಲ ಆಡ್ಕಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"