ಮಾವ ಮಾತ್ರೆ ಬಿಟ್ಟ ವಾರ

ಇಡೀ ತಿಪಟೂರು ಸೀಮೆಯಲ್ಲಿ ನನ್ನ ಸೋದರಮಾವನನ್ನು ಮೀರಿಸುವ ಊಟಗಾರ ಇನ್ನೂ ಹುಟ್ಟಿಲ್ಲ. ಅವರು ಊಟವನ್ನೇ ಹೆಚ್ಚುಕಮ್ಮಿ ಬಿಟ್ಟು ವರ್ಷಗಳಾದವು, ಆದರೂ ಪಟ್ಟ ಅವರದೇ! ಕೊಬ್ಬರಿ ಮೂಟೆ ತೂಗುವ ತಕ್ಕಡಿಯ ಮೇಲೆ ತಮಾಷೆಗೆಂದು ನಿಂತು, ಅಂಕಿ ನೋಡಿ ತಾವೇ ಗಾಬರಿಯಾದವರು, ಬೆಂಗಳೂರಿಗೆ ಹೋಗಿ, ತೂಕ ಇಳಿಸುವ ಆಪರೇಷನ್ ಮಾಡಿಸಿ, ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿಕೊಂಡು ಬಂದರು. ಉಳಿದಿದ್ದರಲ್ಲಿ ಎರಡು ತುತ್ತು ಹಿಡಿದರೆ ಹೆಚ್ಚು.

ಆ ಪುಟ್ಟ ಹೊಟ್ಟೆಗೊಂದು ಪುಟ್ಟ ಮಾತ್ರೆ. ಆಮ್ಲ ಉಕ್ಕಿ ಎದೆಗೆ ಬಾರದಂತೆ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಕೆಲವು ತಿಂಗಳಿಗೆಂದು ಬರೆದದ್ದು, ಉರಿ ಪೂರ್ತಿ ಹೋಗದ್ದರಿಂದ ಮುಂದುವರಿಯುತ್ತಲೇ ಬಂತು. ಮಾವನೋ ಅದನ್ನು ವ್ರತ ಮಾಡಿಕೊಂಡರು. ನುಂಗಿದ ಮೇಲೆ ಅರ್ಧ ಗಂಟೆ ಮೌನ! ಅವರ ಮಂಡಿಗೆ ಕೊಬ್ಬರಿ ಮಾರಲು ತಂದವರು ರೇಟು ಕೇಳಿದರೆ, ಒಳಗೆ ಕೆಲಸ ನಡೆಯುತ್ತಿದೆ, ತಡೆಯಿರಿ ಎಂದು ಹೊಟ್ಟೆಯತ್ತ ಕೈಸನ್ನೆ ಮಾಡುತ್ತಿದ್ದರು.

ಇನ್ನು ಮದುವೆ ಊಟ. ನಮ್ಮ ಮನೆತನದಲ್ಲಿ ಪಂಕ್ತಿಯ ಹಿರಿಯರು ಏಳುವವರೆಗೆ ಯಾರೂ ಏಳುವಂತಿಲ್ಲ. ಅವರು ಎದ್ದರೆ ಯಾರೂ ಕೂರುವಂತಿಲ್ಲ. ಆ ಹಿರಿಯರು ಯಾರು? ನಮ್ಮ ಮಾವನೇ! ಎರಡು ತುತ್ತಿಗೆ ಊಟ ಮುಗಿಸಿದ ಮನುಷ್ಯ ಒಬ್ಬಟ್ಟಿನ ಚೂರೊಂದನ್ನು ಕಾಯಿಹಾಲಿನಲ್ಲಿ ಈಜಾಡಿಸುತ್ತ, ಕಡೆಯವರು ಮಜ್ಜಿಗೆ ಕುಡಿಯುವವರೆಗೂ ಕೂತಿರುತ್ತಾರೆ. ಒಂದು ಕಾಲಕ್ಕೆ ಬಡಿಸುವವರ ಬೆವರಿಳಿಸಿದವರ ಈ ತಪಸ್ಸು ಕಂಡಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಇಂಥವರಿಗೂ ಒಮ್ಮೆ ಬುದ್ಧಿ ಕೆಟ್ಟಿತು. ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದಂತೆ ಎಂದು ದಬ್ಬೇಘಟ್ಟದ ನೆಂಟರೊಬ್ಬರು ಹೆದರಿಸಿದರು. ಡಾಕ್ಟರನ್ನೇ ಕೇಳೋಣ ಎಂದೆ ನಾನು.

"ತೋಟದ ತುಂಬ ಎಳನೀರು ಮಡಿಕ್ಕಂಡು ಡಾಕ್ಟ್ರುನ್ನ ಏನ್ ಕೇಳೋದು ಕಣ್ಲಾ" ಎಂದ ಮಾವ ಒಂದೇ ಏಟಿಗೆ ಮಾತ್ರೆ ನಿಲ್ಲಿಸಿದರು. ತೆಂಗು ಬೆಳೆಯುವ ನಮಗೆ ಎಳನೀರಿನ ಮೇಲೆ ಅಂಥ ನಂಬಿಕೆ. ಜ್ವರಕ್ಕೂ ಅದೇ, ಜಗಳವಾಡಿ ಬಂದವರಿಗೂ ಅದೇ!

ಆ ವಾರದ ಕೊನೆಗೆ ತುರುವೇಕೆರೆಯಲ್ಲಿ ನಮ್ಮದೇ ಮನೆತನದ ಮದುವೆ. ನಮ್ಮವ್ವ, ಅಂದರೆ ಮಾವನ ತಂಗಿ, ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ಪಂಕ್ತಿಯಲ್ಲಿ ಕೂತಿದ್ದಳು. ಅಲ್ಲಿಯವರೆಗೆ ತಿಂಗಳುಗಟ್ಟಲೆ ಆಕೆ ತಟ್ಟೆಯ ಮುಂದೆ ಕೂತು ಹಾಗೇ ಎದ್ದದ್ದೇ ಹೆಚ್ಚು. ಸೊರಗಿ ಕಡ್ಡಿಯಾಗಿದ್ದಳು. ಇವಳೂ ಅಪ್ಪನ ಹಿಂದೆಯೇ ಹೊರಟುಬಿಡುತ್ತಾಳೆಂದು ನಾವೆಲ್ಲ ಹೆದರಿದ್ದೆವು.

ಊಟ ಶುರುವಾಗುತ್ತಲೇ ಮಾವನಿಗೆ ಉರಿ ಎದೆಗೇರಿತು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ನಾನು, ಏಳಿ ಆಸ್ಪತ್ರೆಗೆ ಹೋಗೋಣ ಎಂದೆ. ಅವರು ತಲೆಯಾಡಿಸಿ ಸಾಲಿನ ತುದಿಯತ್ತ ಕಣ್ಣು ತೋರಿಸಿದರು. ಅಲ್ಲಿ ಅವ್ವ ಬಡಿಸುವವನನ್ನು ತಾನಾಗಿ ಕರೆದು ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳುತ್ತಿದ್ದಳು.

"ನಾನೆದ್ರೆ ಅವಳೂ ಎದ್ಬುಡ್ತಾಳೆ. ಉಣ್ಲಿ ಬುಡು."

ಅವ್ವ ನಿಧಾನವಾಗಿ ಉಂಡಳು. ಅನ್ನ ಸಾರು ಉಂಡಳು, ಮತ್ತೆ ಅನ್ನ ಮಜ್ಜಿಗೆ ಕಲಸಿಕೊಂಡಳು. ಎದೆ ಒತ್ತಿಕೊಂಡು ಕೂತ ಮಾವನನ್ನು ನೋಡಲಾಗದೆ, ಉಣ್ಣುತ್ತಿದ್ದ ಅವ್ವನಿಂದ ಕಣ್ಣು ಕೀಳಲಾಗದೆ ನಾನು ನನ್ನೆಲೆಯ ಅನ್ನವನ್ನು ಕಲಸುತ್ತಲೇ ಕೂತೆ. ಅವಳು ಎಲೆ ಮಡಿಸಿದ ಮೇಲೆಯೇ ಮಾವ ನನ್ನ ಹೆಗಲು ಹಿಡಿದು ಎದ್ದದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆ ಮತ್ತೆ ಶುರುಮಾಡಿಸಿ ಚೆನ್ನಾಗಿ ಬೈದರು. ಇಷ್ಟು ಉರಿ ಇಟ್ಟುಕೊಂಡು ಅಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

"ನನ್ ತಂಗಿ ಉಣ್ತಿದ್ಲು ಸಾರ್" ಎಂದರು ಮಾವ.