ಎಪ್ಪತ್ತೆರಡರಲ್ಲೂ ತಿಂಗಳು ತಪ್ಪದವಳು

ನನ್ನ ವಾರಗಿತ್ತಿಗೆ ಈಗ ಎಪ್ಪತ್ತೆರಡು ವರ್ಷ. ಬಾಯಲ್ಲಿ ಉಳಿದಿರುವ ಹಲ್ಲು ಆರು. ಮಂಡಿ ಎರಡೂ ಹೋಗಿವೆ. ಕಣ್ಣಿನ ಪೊರೆ ತೆಗೆಸಿದ್ದಾಯಿತು. ಆದರೆ ತಿಂಗಳಿಗೆ ಮೂರು ದಿನ ಮುಟ್ಟಾಗುವುದು ಮಾತ್ರ ಇನ್ನೂ ನಿಂತಿಲ್ಲ! ನೀವು ನಂಬುವುದಿಲ್ಲ, ಗೊತ್ತು. ನಂಬದಿದ್ದರೆ ನಿಮಗೇನು ನಷ್ಟ? ನಾನು ನಂಬದಿದ್ದರೂ ಆ ಮೂರು ದಿನ ಒಲೆ ಮುಂದೆ ನಿಲ್ಲಬೇಕಾದವಳು ನಾನೇ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಗಂಡಂದಿರಿಬ್ಬರೂ ಹೋದರು. ಅವಳ ಗಂಡುಮಕ್ಕಳಿಬ್ಬರೂ ದೂರದ ಊರು ಸೇರಿದ್ದಾರೆ. ರಾಮಮೂರ್ತಿ ನಗರದ ಈ ಮನೆಯಲ್ಲಿ ನಾವಿಬ್ಬರು ಮುದುಕಿಯರು, ನನ್ನ ಮಗ ಸೊಸೆ, ಮೊಮ್ಮಗಳು. ಹಿಂದೆ ಇಲ್ಲಿ ರಾಗಿ ಬೆಳೆಯುತ್ತಿದ್ದೆವು. ಈಗ ಬಾಡಿಗೆಯವರು ಬೆಳೆದಿದ್ದಾರೆ. ಹಳೆಯದೆಂದು ಉಳಿದಿರುವುದು ಹಿತ್ತಲಿನ ಒಂದು ಹೆಂಚಿನ ಕೋಣೆ. ಅತ್ತೆಯ ಕಾಲದಲ್ಲಿ ಹೊರಗಾದ ಹೆಂಗಸರು ಮೂರು ದಿನ ಕೂರುತ್ತಿದ್ದುದು ಅಲ್ಲೇ.

ಅಕ್ಕ ಈಗಲೂ ಕೂರುತ್ತಾಳೆ. ಬೆಳಗ್ಗೆ ಎದ್ದು, ಚಾಪೆ ಕಂಕುಳಲ್ಲಿ ಇಟ್ಟುಕೊಂಡು, "ಕಾಗೆ ಮುಟ್ಟಿಬಿಡ್ತು ಕಣೇ" ಅಂದು ಹಿತ್ತಲಿಗೆ ಹೊರಟರೆ ಮುಗಿಯಿತು. ಕಾಫಿ ಅಲ್ಲಿಗೇ ಹೋಗಬೇಕು. ಲೋಟ ಮುಟ್ಟದೆ ಮೇಲಿಂದ ಸುರಿಯಬೇಕು. ಪಾತ್ರೆ ಮುಟ್ಟಬಾರದಂತೆ, ಫೋನ್ ಮುಟ್ಟಬಹುದಂತೆ! ದಿನವಿಡೀ ಧಾರಾವಾಹಿ ನೋಡುತ್ತಾಳೆ. ರಾಮಮೂರ್ತಿ ನಗರದಲ್ಲಿ ಈಗ ಕಾಗೆಗಳಾದರೂ ಎಲ್ಲಿವೆ? ಎಲ್ಲಿ ನೋಡಿದರೂ ಪಾರಿವಾಳ. ಆದರೂ ಗೌರಿ ಹಬ್ಬದ ಹಿಂದಿನ ದಿನ, ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟ ಗಳಿಗೆಗೆ ಸರಿಯಾಗಿ, ಎಪ್ಪತ್ತೆರಡರ ಮುದುಕಿಯನ್ನು ಹುಡುಕಿಕೊಂಡು ಆ ಒಂದು ಕಾಗೆ ಬರುತ್ತದೆ. ಅದಕ್ಕೆ ಬೇರೆ ಕೆಲಸವಿಲ್ಲವೇ?

ಮೊಮ್ಮಗಳ ಕಾಲೇಜಿನಲ್ಲಿ, ಮುಟ್ಟಾಗುವುದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ, ಆ ಮಾತು ಎಲ್ಲಿಂದ ಬಂತು ಕೇಳಿಕೊಂಡು ಬನ್ನಿ ಅಂದರಂತೆ. ಇಂಥದ್ದನ್ನೂ ಓದಿಸುತ್ತಾರೆ! ನಾನು ಮೂರನೇ ಕ್ಲಾಸಿಗೇ ಬಿಟ್ಟಿದ್ದು ಒಳ್ಳೆಯದಾಯಿತು. ಅವಳು ಹಿತ್ತಲಿನ ಬಾಗಿಲಲ್ಲಿ ಕೂತು ಕೇಳಿದಳು, "ದೊಡ್ಡಜ್ಜಿ, ಕಾಗೆ ಯಾಕೆ?"

"ಚಿಕ್ಕ ಮಕ್ಕಳು ಅಮ್ಮ ಅಂತ ಓಡಿ ಬರ್ತವೆ. ಮುಟ್ಟಬೇಡ ಅಂದ್ರೆ ಯಾಕೆ ಅಂತವೆ. ಕಾಗೆ ಮುಟ್ಟಿದೆ ಅಂದ್ರೆ ಸುಮ್ಮನಾಗ್ತವೆ. ಕಾಗೆ ಬಂದು ಸಾಕ್ಷಿ ಹೇಳುತ್ತಾ? ಅದಕ್ಕೇ ಅದರ ತಲೆಗೆ ಕಟ್ಟಿದ್ದು."

ಹುಡುಗಿ ಫೋನ್ ನೋಡಿ ಓದಿದಳು, "ಇಂಗ್ಲಿಷಿನ ಮೆನ್ಸಸ್ ಅನ್ನೋ ಪದ ಲ್ಯಾಟಿನ್‌ನಿಂದ ಬಂದಿದ್ದಂತೆ. ಅಲ್ಲಿ ಅದಕ್ಕೆ ತಿಂಗಳು ಅಂತ ಅರ್ಥ."

"ಅಷ್ಟು ದೂರ ಹೋಗಿ ಇಷ್ಟೇ ತಂದ್ಯಾ? ನಾವೂ ತಿಂಗಳು ಅಂತಲೇ ಅನ್ನೋದು. ತಿಂಗಳು ಅಂದ್ರೆ ಚಂದ್ರ. ಬೆಳದಿಂಗಳು ಅನ್ನಲ್ವಾ? ಅವನೂ ತಿಂಗಳಿಗೊಂದ್ಸಲ ಮುಖ ಮುಚ್ಕೊಂಡು ಕೂರ್ತಾನೆ. ಎದ್ದು ಪಾತ್ರೆ ತೊಳಿ ಅಂತ ಅವನಿಗೆ ಯಾರಾದ್ರೂ ಅಂತಾರಾ?"

"ಎಪ್ಪತ್ತೆರಡಾದ್ಮೇಲೂ ನಿಲ್ಲಲ್ವಾ ದೊಡ್ಡಜ್ಜಿ?"

"ಅವನದು ನಿಂತಿದೆಯಾ? ಹೋಗಿ ನೋಡ್ಕೊಂಡು ಬಾ."

ಮಹಡಿ ಮೇಲಿನ ಹುಬ್ಬಳ್ಳಿಯ ಹೆಂಗಸು ಬಟ್ಟೆ ಒಣಗಿಸುತ್ತಲೇ, "ನಮ್ಮ ಕಡೆ ಕಡಿಗಾಗ್ಯಾಳ ಅಂತಾರ್ರಿ" ಅಂದಳು. ಹಲಸೂರಿನಿಂದ ಹೂವು ತರುವ ತಮಿಳಿನವಳು, "ನಾವು ದೂರಂ ಅಂತೀವಿ" ಅಂದಳು. ಅಕ್ಕನಿಗೆ ಖುಷಿಯೋ ಖುಷಿ. "ನೋಡಿದ್ಯಾ? ಹೊರಗೆ, ಕಡೆಗೆ, ದೂರ! ಎಲ್ಲಾ ಊರಲ್ಲೂ ಹೆಸರಲ್ಲೇ ರಜಾ ಚೀಟಿ ಬರೆದಿಟ್ಟಿದ್ದಾರೆ. ತಗೊಳ್ಳೋಕೆ ನಿಮಗೆ ಬುದ್ಧಿ ಇಲ್ಲ."

ನನಗೆ ಮೈ ಉರಿಯಿತು. ಉರಿಯಲು ಬೇರೆ ಕಾರಣವೂ ಇತ್ತು. ಮಗನ ಕಾರು ಬೀದಿಯಲ್ಲಿ ನಿಲ್ಲುತ್ತದೆ, ವಾರಕ್ಕೊಬ್ಬರು ಗೀಚಿ ಹೋಗುತ್ತಾರೆ. ಹಿತ್ತಲಿನ ಕೋಣೆ ಕೆಡವಿದರೆ ಕಾರು ಒಳಗೆ ಬರುತ್ತದೆ. ಗಾರೆಯವನಿಗೂ ಹೇಳಿಯಾಗಿತ್ತು. ಅಕ್ಕ ಮಾತ್ರ, "ಕೋಣೆ ಕೆಡವಿದ್ರೆ ನಾನೆಲ್ಲಿ ಕೂರಲಿ? ಕಾರಲ್ಲಾ?" ಅಂದು ಚಾಪೆ ಹಾಸಿ ಕೂತಳು. ಈ ಜಾಗ ಬಿಟ್ಟರೆ ಮನೆಯಲ್ಲಿ ತನ್ನದು ಅನ್ನುವುದು ಏನೂ ಇಲ್ಲ ಅನ್ನುವ ಹಾಗೆ ಗೋಡೆಗೆ ಅಂಟಿಕೊಂಡಿದ್ದಳು.

ಆ ಕೋಣೆ ಕಂಡರೆ ನನಗೆ ಆಗುವುದಿಲ್ಲ. ಹದಿನೇಳಕ್ಕೆ ಮದುವೆಯಾಗಿ ಬಂದವಳು ನಾನು. ಐದು ವರ್ಷ ಮಕ್ಕಳಾಗಲಿಲ್ಲ. ನಾನು ಹೊರಗಾದಾಗಲೆಲ್ಲ ಅತ್ತೆ ಅಡುಗೆಮನೆಯ ಗೋಡೆಗೆ ಇದ್ದಿಲಿನಲ್ಲಿ ಒಂದು ಗೀರು ಹಾಕಿ, "ಈ ತಿಂಗಳೂ ಬಂತಾ?" ಅನ್ನುತ್ತಿದ್ದರು. ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತೂ ಕಿವಿಗೆ ಬೀಳುತ್ತಿತ್ತು. ಆ ಕೋಣೆಯಲ್ಲಿ ನಾನು ಅತ್ತಿರುವಷ್ಟು ಎಲ್ಲೂ ಅತ್ತಿಲ್ಲ.

ಒಂದೇ ಸಮಾಧಾನವೆಂದರೆ ಅಕ್ಕನ ದಿನವೂ ನನ್ನ ದಿನವೂ ಒಂದೇ. ನಾನು ಬೆಳಗ್ಗೆ ಹೋಗಿ ಕೂತರೆ ಮಧ್ಯಾಹ್ನದೊಳಗೆ ಅವಳೂ ಚಾಪೆ ಸಮೇತ ಹಾಜರು. "ಇಬ್ಬರಿಗೂ ಒಟ್ಟಿಗೇ ಬರಬೇಕೇ?" ಅಂತ ಅತ್ತೆ ಒಲೆ ಊದುತ್ತಾ ಶಾಪ ಹಾಕುತ್ತಿದ್ದರು. ಹೊರಗಾದವಳನ್ನು ಹೊರಗಾದವಳು ಮಾತ್ರ ಮುಟ್ಟಬಹುದು. ಅವಳು ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, "ಸಾಕು ಅತ್ತಿದ್ದು, ಆಟ ಆಡೋಣ" ಅನ್ನುತ್ತಿದ್ದಳು. ನೆಲದ ಕಲ್ಲಿನಲ್ಲಿ ಮೊಳೆಯಿಂದ ಕೊರೆದ ಚೌಕಾಬಾರದ ಮನೆ ಈಗಲೂ ಇದೆ. ಆಗಲೂ ಅವಳದು ಬರೀ ಮೋಸ!

ಕೊನೆಗೊಂದು ತಿಂಗಳು ನನ್ನ ದಿನ ದಾಟಿತು. ವಿಚಿತ್ರವೆಂದರೆ ಅಕ್ಕನದೂ ದಾಟಿತು. ಅತ್ತೆ ಅವಳನ್ನು ಮೇಲೆ ಕೆಳಗೆ ನೋಡಿ, "ನೀನೂನಾ?" ಅಂದರು. ಹತ್ತನೆಯ ದಿನ ಅವಳು ಒಬ್ಬಳೇ ಹೋಗಿ ಕೂತಳು. ಕೂತವಳು ಸುಮ್ಮನಿರದೆ ಗೋಡೆ ನೋಡಿಕೊಂಡು ನಗತೊಡಗಿದಳು. ನಮ್ಮಕ್ಕನಿಗೆ ತಲೆ ಕೆಟ್ಟಿತು ಅಂದುಕೊಂಡೆ.

ಇರಲಿ. ಕೋಣೆ ಬಿಡಿಸಲು ನಾನೊಂದು ಉಪಾಯ ಹೂಡಿದೆ. "ಅಕ್ಕ, ಈ ವಯಸ್ಸಲ್ಲಿ ಮುಟ್ಟಾದ್ರೆ ಅದು ಕಾಯಿಲೆಯಂತೆ. ಡಾಕ್ಟರ್‌ಗೆ ತೋರಿಸೋಣ" ಅಂದೆ. ಇಲ್ಲವೆಂದರೆ ಸುಳ್ಳು ಬಯಲಾಗುತ್ತದೆ. ಹೂಂ ಅಂದರೆ ಡಾಕ್ಟರೇ ಬಯಲು ಮಾಡುತ್ತಾರೆ. ಹೇಗಿದೆ? ಅವಳು ನನ್ನನ್ನೇ ದಿಟ್ಟಿಸಿ ನೋಡಿ, "ನಡಿ" ಅಂದಳು.

ಇಂದಿರಾನಗರದಲ್ಲಿ ಡಾಕ್ಟರಮ್ಮ, ಚಿಕ್ಕ ಹುಡುಗಿ, ಕೇಳಿದಳು, "ಅಜ್ಜಿ, ಕೊನೇ ಸಲ ಮುಟ್ಟಾಗಿದ್ದು ಯಾವಾಗ?"

"ಹೋದ ಮಂಗಳವಾರ."

ಪಾಪ, ಆ ಹುಡುಗಿಯ ಪೆನ್ನು ಕೆಳಗೆ ಬಿತ್ತು. ತಕ್ಷಣ ಸ್ಕ್ಯಾನಿಂಗ್. ಮುಗಿದ ಮೇಲೆ ನನ್ನನ್ನೂ ಒಳಗೆ ಕರೆದಳು. "ಇವರಿಗೆ ಗರ್ಭಕೋಶವೇ ಇಲ್ವಲ್ಲ! ಆಪರೇಷನ್ ಯಾವಾಗ ಆಯ್ತು ಅಜ್ಜಿ?"

"ನನ್ನ ಎರಡನೇ ಮಗ ಹುಟ್ಟಿದಾಗ. ರಕ್ತ ನಿಲ್ಲಲಿಲ್ಲ, ತೆಗೆದ್ರು."

ಗೆದ್ದೆ ಅಂದುಕೊಂಡು ಹೊರಗೆ ಬಂದೆ. ಆಟೋ ಹತ್ತಿದ ಮೇಲೆ ಬೆರಳು ಮಡಿಸಿ ಎಣಿಸಿದೆ. ಮತ್ತೆ ಎಣಿಸಿದೆ. ಕೆ.ಆರ್.ಪುರದ ಕಡೆಯ ಜಾಮ್‌ನಲ್ಲಿ ಆಟೋ ನಿಂತಿತು.

"ಅಕ್ಕ, ನಾನು ಮದುವೆಯಾಗಿ ಬಂದಾಗ ನಿನ್ನ ಎರಡನೆಯವನು ನನ್ನ ಬಾಸಿಂಗ ಕಿತ್ಕೊಂಡು ಓಡಿದ್ದ. ನಾಲ್ಕು ವರ್ಷ ಅವನಿಗೆ."

"ಹೂಂ. ಪೋಕರಿ."

"ಅಂದ್ರೆ ಅಷ್ಟೊತ್ತಿಗಾಗಲೇ ನಿನಗೆ ಗರ್ಭಕೋಶ ಇರಲಿಲ್ಲ."

"ಇನ್ನೂ ಜೋರಾಗಿ ಹೇಳು, ಆಟೋದವನಿಗೆ ಸರಿಯಾಗಿ ಕೇಳಿಸಿಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿದಳು. "ಆಪರೇಷನ್ ಆಗಿದ್ದು ತವರಲ್ಲಿ. ಬಾಯಿ ಬಿಟ್ರೆ ನನ್ನ ಗಂಡನಿಗೆ ಇನ್ನೊಬ್ಬಳನ್ನ ತರ್ತಾರೆ ಅಂದ್ಳು ನಮ್ಮಮ್ಮ. ತಿಂಗಳು ತಿಂಗಳು ಅತ್ತೆಗೆ ತೋರಿಸೋಕೆ ಕೂರಲೇಬೇಕಿತ್ತು."

"ಕೂರೋದಿದ್ರೆ ಯಾವತ್ತು ಬೇಕಾದ್ರೂ ಕೂರಬಹುದಿತ್ತು. ನನ್ನ ದಿನವೇ ಯಾಕೆ?"

ಅವಳು ಹೊರಗೆ ನೋಡಿದಳು. ನೋಡಲು ಅಲ್ಲಿ ಒಂದು ಬಸ್ಸಿನ ಹಿಂಭಾಗ ಬಿಟ್ಟು ಏನೂ ಇರಲಿಲ್ಲ. "ನೀನು ಅಳೋದು ಅಡುಗೆಮನೆಗೆ ಕೇಳಿಸ್ತಿತ್ತು. ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಮರೆತೇ ಹೋಗ್ತಿತ್ತು."

ಬಸ್ಸು ಮುಂದೆ ಸರಿದ ಮೇಲೆ ಕೇಳಿದೆ, "ಅತ್ತೆ ಹೋದರು, ನನ್ನದೂ ನಿಂತಿತು. ಆಗಲಾದ್ರೂ ನಿಲ್ಲಿಸಬಾರದಿತ್ತಾ?"

"ನಡೀತಿದ್ರೆ ತಾನೇ ನಿಲ್ಲೋದು!" ಅಂದು ಆರು ಹಲ್ಲೂ ತೋರಿಸಿ ನಕ್ಕಳು. "ಮೂರು ದಿನದ ರುಚಿ ಹತ್ತಿಬಿಟ್ಟಿತ್ತು ಕಣೇ."

ಮರುದಿನ ಬೆಳಗ್ಗೆ ಗಾರೆಯವನು ಹಾರೆ ಹಿಡಿದು ಬಂದ. ನಾನು ಹಿತ್ತಲಿನ ಬಾಗಿಲಿಗೆ ಅಡ್ಡ ನಿಂತೆ.

"ಇವತ್ತು ಆಗಲ್ಲಪ್ಪ. ಒಳಗೆ ಹೆಂಗಸರು ಕೂತಿದ್ದಾರೆ. ಕಾಗೆ ಮುಟ್ಟಿದೆ."

"ಯಾರನ್ನ ಅಜ್ಜಿ?"

"ಇಬ್ಬರನ್ನೂ."

ಅವನು ನನ್ನ ಬಿಳಿ ಕೂದಲು ನೋಡಿದ, ಕಂಕುಳಲ್ಲಿದ್ದ ಚಾಪೆ ನೋಡಿದ, ಹಾರೆ ಹೆಗಲಿಗೆ ಹಾಕಿಕೊಂಡು ಹೊರಟ. ಕೋಣೆಯೊಳಗೆ ಅಕ್ಕ ಚೌಕಾಬಾರದ ಮನೆಯ ಮೇಲಿನ ಧೂಳು ಒರೆಸುತ್ತಿದ್ದಳು. ತಲೆ ಎತ್ತದೆ ಗೋಡೆಯ ಕಡೆಗೆ ಸ್ವಲ್ಪ ಸರಿದಳು.