ಪನ್ನೀರುದಾನಿಯ ಬೋ. ನಾ.

ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವ ಆ ಗಾಜಿನ ಪನ್ನೀರುದಾನಿಯನ್ನು ಯಶೋದಮ್ಮ "ಸಂತೆ ಬಾಟ್ಲಿ" ಅನ್ನದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

"ನಿಮ್ಮವ್ವ ತವರಿಂದ ಬರಿಗೈಲಿ ಬಂದೋಳು ಕಣೋ. ತಂದಿದ್ದು ಇದೊಂದು ಸಂತೆ ಬಾಟ್ಲಿ!"

ನಾದಿನಿ ಯಶೋದಮ್ಮನ ಈ ಮಾತನ್ನು ಜೀವಮಾನವಿಡೀ ಕೇಳಿಸಿಕೊಂಡೇ ಬೆಟ್ಟಯ್ಯನ ತಾಯಿ ಹೋದ ವರ್ಷ ಕಣ್ಣು ಮುಚ್ಚಿದ್ದಳು. ಸತ್ತ ಮೇಲಾದರೂ ಅವ್ವನ ಮಾನ ಉಳಿಯಲಿ ಎಂದು ಬೆಟ್ಟಯ್ಯ ಕಚೇರಿಗೆ ರಜೆ ಹಾಕಿ, ಪನ್ನೀರುದಾನಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಪಕ್ಕದ ಮನೆಯ ಪದ್ಮನಾಭ ಮೇಷ್ಟರ ಬಳಿಗೆ ಹೋದ. ಇಡೀ ರಾಜಾಜಿನಗರದಲ್ಲಿ ಮೇಷ್ಟರಿಗೆ ಗೊತ್ತಿಲ್ಲದ್ದು ಒಂದೇ, 'ಗೊತ್ತಿಲ್ಲ' ಎನ್ನುವ ಮಾತು.

ಮೇಷ್ಟರು ನೀಲಿ ಗಾಜನ್ನು ಬಿಸಿಲಿಗೆ ಹಿಡಿದರು. ಮೈತುಂಬ ಬಿಳಿ ಹೂಬಳ್ಳಿ, ಕತ್ತಿಗೆ ಚಿನ್ನದ ಗೆರೆ. ಉಗುರಿನಿಂದ ಕೆರೆದು ನೋಡಿದರು.

"ಸುಮ್ನೆ ಬಳ್ದ ಬಣ್ಣ ಅಲ್ಲ ಬೆಟ್ಟಯ್ಯ, ಬೆಂಕೀಲಿ ಸುಟ್ಟು ಕೂರಿಸಿರೋ ಎನಾಮಲ್ಲು. ಮಾಡ್ದೋರ ಗುರುತು ತಳದಲ್ಲಿ ಇದ್ದೇ ಇರುತ್ತೆ."

ತಿರುಗಿಸಿದರೆ ತಳದಲ್ಲಿ ಕೆಂಪಕ್ಷರ: ಬೋ. ನಾ.

"ನೋಡಿದ್ರಾ! ಬೊಹೀಮಿಯಾ ನಾಡು! ಯುರೋಪಿನ ಗಾಜಿಗೆ ಅದೇ ತವರು!"

"ಅಲ್ಲಿಯೋರು ಕನ್ನಡದಲ್ಲಿ ಬರೀತಾರಾ ಸಾರ್?"

"ಮೈಸೂರು ಅರಮನೆಗೆ ಕಳ್ಸೋವಾಗ ಇನ್ಯಾವುದ್ರಲ್ಲಿ ಬರೀಬೇಕ್ರೀ?"

ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಬೆಟ್ಟಯ್ಯನ ಮನೆಗೆ ಬಂದು ಅರಮನೆಯ ಪನ್ನೀರುದಾನಿಗೆ ಕೈಮುಗಿಯಿತು. ಯಶೋದಮ್ಮನೂ ಬಂದು ಕೈಮುಗಿದು ಕೂತಳು. ಬೆಟ್ಟಯ್ಯನಿಗೆ ಉಣ್ಣದೆಯೇ ಹೊಟ್ಟೆ ತುಂಬಿತು.

ಅಷ್ಟರಲ್ಲಿ ಅವ್ವನ ಬಾಲ್ಯದ ಗೆಳತಿ, ನಾಯಂಡಹಳ್ಳಿಯ ಬೋರಮ್ಮ ಮೊಮ್ಮಗಳ ಮದುವೆಗೆ ಕರೆಯಲು ಬಂದಳು. ಪನ್ನೀರುದಾನಿಯನ್ನು ಕಂಡವಳೇ ಬೆಟ್ಟಯ್ಯನನ್ನು ಹಿತ್ತಿಲಿಗೆ ಕರೆದಳು.

"ಅದು ನಂದು ಕಣಪ್ಪ. ಬೋರಮ್ಮ, ನಾಯಂಡಹಳ್ಳಿ ಅಂತ ಗಾಡಿಗೆ ಬಣ್ಣ ಬಳಿಯೋನ ಕೈಲಿ ನಾನೇ ಬರೆಸಿದ್ದೆ. ನಿಮ್ಮವ್ವ ಬರಿಗೈಲಿ ಹೋಗ್ಬಾರ್ದು ಅಂತ ಅವಳ ಮದುವೇಲಿ ಎರವಲು ಕೊಟ್ಟು ಕಳ್ಸಿದ್ದೆ. ಅವಳಿರೋಗಂಟ ವಾಪಸ್ ಕೇಳೋಕೆ ಬಾಯಿ ಬರ್ಲಿಲ್ಲ. ಈಗ ಮೊಮ್ಮಗಳನ್ನ ಹೆಂಗಪ್ಪ ಬರಿಗೈಲಿ ಕಳ್ಸಲಿ?"

ಅವ್ವ ದಿನಾ ಆ ಗಾಜನ್ನು ಸೆರಗಿನಿಂದ ಒರೆಸಿ, ತಳ ಯಾರ ಕಣ್ಣಿಗೂ ಬೀಳದಂತೆ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಅದು ಯಾಕೆಂದು ಬೆಟ್ಟಯ್ಯನಿಗೆ ಈಗ ಅರ್ಥವಾಯಿತು. ಜನ ಕರಗಿದ ಮೇಲೆ ತಂದು ಬೋರಮ್ಮನ ಕೈಗಿತ್ತ.

"ಇದನ್ನ ಮಾಡ್ದೋರು ಯಾರು ದೊಡ್ಡಮ್ಮ? ಅದನ್ನಾದ್ರೂ ಹೇಳಿ."

"ನಂಗೇನ್ ಗೊತ್ತಪ್ಪ? ನನ್ನ ಮದುವೆಗೆ ಕೆಂಗೇರಿ ಮುನಿಲಕ್ಷ್ಮಿ ಹತ್ರ ಈಸ್ಕೊಂಡಿದ್ದು. ಅವಳ ಅಕ್ಷರದ ಮೇಲೇ ನಂದು ಬರೆಸ್ದೆ. ಯಾರ್ಗೂ ಹೇಳ್ಬೇಡ!"

ಬೋರಮ್ಮ ಹಿತ್ತಿಲ ಬಾಗಿಲಿಂದಲೇ ಹೋದಳು. ಬೆಟ್ಟಯ್ಯ ಒಳಗೆ ಬಂದರೆ, ಬರಿದಾದ ಗೂಡಿನ ಮುಂದೆ ಯಶೋದಮ್ಮ ಮತ್ತೆ ಬಂದು ನಿಂತಿದ್ದಳು.

"ಎಲ್ಲೋ ಆ ಪನ್ನೀರುದಾನಿ? ನಮ್ಮ ಹುಡುಗಿ ಮದುವೆಗೆ ಒಂದಿನದ ಮಟ್ಟಿಗೆ ಕೊಡೋ. ಎಷ್ಟಾದ್ರೂ ನಮ್ಮತ್ತಿಗೆ ತವರಿಂದ ತಂದಿದ್ದಲ್ವೇನೋ!"